ರಾಯಚೂರಿನ ಕದನಕ್ಕೆ ಹಾರ್ಮುಜಿನ ಕುದುರೆ: ವಿಜಯನಗರ ಮಾಡ್ ಎಲ್ಲಿಗೆ ಬಂತು?

ವಿಜಯನಗರ ಮಾಡ್‌ನ ಹೊಸ ಪರೀಕ್ಷಾ ಆವೃತ್ತಿ ಕೈಗೆ ಬಂದಿದೆ. ಹೊಸಬರಿಗಾಗಿ ಒಂದು ಮಾತು: ಇದು 2006ರಲ್ಲಿ ಬಿಡುಗಡೆಯಾದ ‘ಮೆಡೀವಲ್ 2: ಟೋಟಲ್ ವಾರ್’ ಆಟದ ಮೇಲೆ ಬೆಂಗಳೂರಿನ ಕೆಲವು ಹವ್ಯಾಸಿಗಳು ಸೇರಿ ಕಟ್ಟುತ್ತಿರುವ ವಿಸ್ತರಣೆ. ಮೂಲ ಆಟದ ಭೂಪಟದಲ್ಲಿ ಭಾರತವೇ ಇಲ್ಲ. ಇಲ್ಲಿ ಆಟ ಶುರುವಾಗುವುದು ಕೃಷ್ಣದೇವರಾಯ ಪಟ್ಟಕ್ಕೆ ಬಂದ 1509ರಲ್ಲಿ. ಕಡತಗಳನ್ನು ಬರೆಯುವವರು ಬೇರೆಯವರು. ಆಡಿ, ಕೆಡಿಸಿ, ಎಲ್ಲೆಲ್ಲಿ ಬಿರುಕಿದೆ ಎಂದು ಹೇಳುವುದು ನನ್ನ ಪಾಲಿನ ಕೆಲಸ.

ನನ್ನ ಅಳತೆ ಒಂದೇ. 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾನಿಗೂ ನಡೆದ ರಾಯಚೂರು ಯುದ್ಧ ಈ ಆಟದಲ್ಲಿ ತಾನಾಗಿ ಹುಟ್ಟಬಲ್ಲದೇ? ‘ಈ ವರ್ಷ ಬಂದಾಗ ಇಂಥ ಯುದ್ಧ ನಡೆಯಲಿ’ ಎಂದು ಆದೇಶ ಬರೆದು ನಡೆಸುವುದು ದೊಡ್ಡ ಮಾತಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ದೋಆಬಿಗಾಗಿ ಎರಡೂ ಕಡೆಯವರು ಕಾದಾಡಲೇಬೇಕಾದ ಸ್ಥಿತಿ ಆಟದೊಳಗೇ ಇರಬೇಕು.

ಭೂಪಟದ ಮಟ್ಟಿಗೆ ಈ ಸಲ ಸಂತೋಷವಾಯಿತು. ಈ ಆಟದಲ್ಲಿ ನದಿ ಎಂದರೆ ಒಂದು ಚಿತ್ರ ಕಡತದಲ್ಲಿ ಎಳೆದ ನೀಲಿ ಚುಕ್ಕೆಗಳ ಸಾಲು. ಸೇನೆ ದಾಟಬಹುದಾದ ಹಾಯ್ಗಡ ಅದೇ ಸಾಲಿನ ನಡುವೆ ತಿಳಿನೀಲಿಯ ಒಂದೇ ಒಂದು ಚುಕ್ಕೆ. ಹಿಂದಿನ ಆವೃತ್ತಿಯಲ್ಲಿ ರಾಯಚೂರಿನ ಉತ್ತರಕ್ಕೆ ಕೃಷ್ಣೆಯ ಮೇಲೆ ಇಂಥ ಚುಕ್ಕೆ ಒಂದೇ ಇತ್ತು. ಅಲ್ಲೊಂದು ಸಣ್ಣ ದಂಡು ನಿಂತರೆ ಸಾಕು, ಕಂಪ್ಯೂಟರ್ ಆಡಿಸುವ ಆದಿಲ್‌ಶಾಹಿ ಸೇನೆ ನೂರಾರು ಮೈಲಿ ಸುತ್ತು ಹಾಕಿ ಎಲ್ಲೋ ಕಳೆದುಹೋಗುತ್ತಿತ್ತು. ಈಗ ಇನ್ನೆರಡು ಹಾಯ್ಗಡಗಳು ಬಂದಿವೆ. ಇಸ್ಮಾಯಿಲ್ ಆದಿಲ್ ಶಾ ಕೃಷ್ಣೆಯನ್ನು ದಾಟಿಯೇ ಬರುತ್ತಾನೆ. ಸೋತು ಓಡುವಾಗ ನದಿ ಅವನ ಬೆನ್ನಿಗೇ ಇರುತ್ತದೆ. ಅಂದು ಅವನ ಸೈನಿಕರಲ್ಲಿ ಬಹಳ ಮಂದಿ ಸತ್ತದ್ದು ಹಾಗೆಯೇ, ಹಿಂದಿರುಗಿ ನದಿಗೆ ಬಿದ್ದು.

ಫಿರಂಗಿಗಳ ವಿಷಯದಲ್ಲಿ ಅಷ್ಟು ಸಮಾಧಾನವಿಲ್ಲ. ಪೋರ್ಚುಗೀಸ್ ಬರಹಗಾರ ಫೆರ್ನಾವೊ ನುನಿಜ್ ಕೊಡುವ ವರ್ಣನೆಯಲ್ಲಿ, ಆದಿಲ್ ಶಾ ತನ್ನ ತೋಪುಗಳನ್ನೆಲ್ಲ ಒಟ್ಟಿಗೇ ಹಾರಿಸುತ್ತಾನೆ. ವಿಜಯನಗರದ ಮುಂಚೂಣಿ ಚೆದುರುತ್ತದೆ. ಆದರೆ ಆ ಒಂದು ಹೊಡೆತದ ಬಳಿಕ ರಾಯನ ಉಳಿದ ಪಡೆ ಮೇಲೆ ಬೀಳುತ್ತದೆ. ಯುದ್ಧದ ಜೀವ ಇರುವುದೇ ಆ ಎಡೆಯಲ್ಲಿ. ಮಾಡ್‌ನಲ್ಲಿ ಪ್ರತಿ ತೋಪೂ ತನಗೆ ತೋಚಿದಾಗ ಹಾರುತ್ತದೆ, ಹಾಗಾಗಿ ಗುಂಡಿನ ಮಳೆ ನಿಲ್ಲುವುದೇ ಇಲ್ಲ. ನುಗ್ಗಲು ಸಂದು ಎಲ್ಲಿ? ಮದ್ದು ತುಂಬುವ ಅವಧಿಯನ್ನು ಇಮ್ಮಡಿಗೊಳಿಸಿ, ಮೊದಲ ಹೊಡೆತದ ಹಾನಿಯನ್ನು ಹೆಚ್ಚಿಸಿ ಎಂದು ಬರೆದು ಕಳುಹಿಸಿದ್ದೇನೆ.

ಆನೆಗಳು ಮೂಲ ಆಟದ ತೈಮೂರ್ ಪಡೆಯಿಂದ ಎರವಲು ಬಂದವು, ಬೆನ್ನ ಮೇಲಿನ ಫಿರಂಗಿಯ ಸಮೇತ! ನುನಿಜ್ ವರ್ಣಿಸುವ ಆನೆಗಳ ದಂತಕ್ಕೆ ಹರಿತವಾದ ಕತ್ತಿ ಕಟ್ಟಿರುತ್ತದೆ, ಬೆನ್ನ ಮೇಲೆ ಅಂಬಾರಿಯೊಳಗಿನಿಂದ ಕಾದುವ ಯೋಧರಿರುತ್ತಾರೆ. ಫಿರಂಗಿ ತೆಗೆಯುವುದಾಗಿ ಒಪ್ಪಿದ್ದಾರೆ. ಧ್ವನಿಯನ್ನಂತೂ ಮೆಚ್ಚಲೇಬೇಕು: ಸೈನಿಕರು ಈಗ ಕನ್ನಡದಲ್ಲೇ ಉತ್ತರಿಸುತ್ತಾರೆ. ಎಲ್ಲ ಬಸವನಗುಡಿಯ ಒಂದು ಮನೆಯಲ್ಲಿ ಧ್ವನಿಮುದ್ರಿಸಿದ್ದು. ಬಿಲ್ಲುಗಾರರು ‘ಅಪ್ಪಣೆ, ಪ್ರಭು’ ಎನ್ನುವಾಗ ಹಿಂದೆ ಕುಕ್ಕರ್ ಸೀಟಿ ಹೊಡೆಯುವುದು ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ತೆಗೆಯಬೇಡಿ ಎಂದು ಕೇಳಿಕೊಂಡವರ ಪೈಕಿ ನಾನೂ ಒಬ್ಬ.

ಇನ್ನು ಕುದುರೆ. ನನ್ನ ದೊಡ್ಡ ತಕರಾರು ಇರುವುದು ಇಲ್ಲಿಯೇ.

ಈ ಆಟದಲ್ಲಿ ಯಾವ ಕಟ್ಟಡದಿಂದ ಯಾವ ತುಕಡಿ ಸಿಗುತ್ತದೆ ಎಂಬುದು ಒಂದು ಪಠ್ಯ ಕಡತದ ಸಾಲುಗಳಲ್ಲಿದೆ. ತುಕಡಿಯ ಹೆಸರು, ಅದರ ಮುಂದೆ ನಾಲ್ಕು ಅಂಕಿ: ಆರಂಭಕ್ಕೆ ಎಷ್ಟು ಸಿದ್ಧವಿದೆ, ಸರದಿಗೆ, ಅಂದರೆ ಆಟದ ಒಂದು ಸುತ್ತಿಗೆ, ಎಷ್ಟು ತುಂಬಿಕೊಳ್ಳುತ್ತದೆ, ಗರಿಷ್ಠ ಎಷ್ಟು, ಅನುಭವ ಎಷ್ಟು. ಭಾರಿ ಅಶ್ವದಳದ ಸಾಲಿನಲ್ಲಿ ಎರಡನೆಯ ಅಂಕಿ 0.5. ಅಂದರೆ ಲಾಯ ಕಟ್ಟಿದ ಯಾವ ಊರಿನಲ್ಲಾದರೂ ಎರಡು ಸರದಿಗೊಂದು ತುಕಡಿ, ಚಂದ್ರಗಿರಿಯಲ್ಲೂ ಸರಿ, ಪೆನುಗೊಂಡೆಯಲ್ಲೂ ಸರಿ. ವಿಜಯನಗರದ ಒಳ್ಳೆಯ ಯುದ್ಧಾಶ್ವಗಳು ಬರುತ್ತಿದ್ದುದು ಕಡಲು ದಾಟಿ, ಪರ್ಷಿಯಾ ಕೊಲ್ಲಿಯ ಹಾರ್ಮುಜಿನಂಥ ಬಂದರುಗಳಿಂದ. ರಾಯ ವರ್ಷಕ್ಕೆ 13,000 ಹಾರ್ಮುಜ್ ಮತ್ತು ನಾಡ ಕುದುರೆಗಳನ್ನು ಕೊಳ್ಳುತ್ತಿದ್ದ ಎಂದು ನುನಿಜ್ ಬರೆಯುತ್ತಾನೆ. ಕೃಷ್ಣದೇವರಾಯನಿಗಿಂತ ಹಿಂದೆ ಆಳಿದ ಸಾಳುವ ನರಸಿಂಹನ ಬಗ್ಗೆ ಅವನು ಹೇಳುವುದು ಇನ್ನೂ ಸೊಗಸಾಗಿದೆ: ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ಈ ವ್ಯಾಪಾರದ ಕೀಲಿಕೈ ಅವರ ಬಳಿ ಉಳಿಯಿತು.

ಕಡತ ಬರೆಯುವವರು ಲಿಂಗಸುಗೂರಿನ ಕಡೆಯವರು, ಈಗ ಬನಶಂಕರಿಯಲ್ಲಿದ್ದಾರೆ. ಗಾಂಧಿಬಜಾರಿನಲ್ಲಿ ಕಾಫಿಗೆ ಸಿಕ್ಕಾಗ ಈ ಮಾತು ಎತ್ತಿದೆ.

“ಕುದುರೆ ಬಿಗಿ ಮಾಡಿದರೆ ಆಡುವವರು ಬೇಸತ್ತು ಬಿಟ್ಟು ಹೋಗುತ್ತಾರೆ, ಸರ್,” ಎಂದರು.

“ಲಾಯ ಕಟ್ಟಿದೊಡನೆ ಸಿಗುವುದಾದರೆ ಭಟ್ಕಳ, ಗೋವೆಯ ಬಂದರುಗಳನ್ನು ಭೂಪಟದಲ್ಲಿ ಬರೆದದ್ದಾದರೂ ಏಕೆ, ಹೇಳಿ?” ಎಂದೆ.

ಅವರು ಕಾಫಿ ಮುಗಿಸುವ ತನಕ ಸುಮ್ಮನಿದ್ದು, ಆಮೇಲೆ ಕಾಗದದ ಕರವಸ್ತ್ರದ ಮೇಲೆಯೇ ಲೆಕ್ಕ ಹಾಕಿದರು. ಭಟ್ಕಳ ನಮ್ಮದಾಗಿರಬೇಕು, ಗೋವೆಯವರೊಂದಿಗೆ ಯುದ್ಧವಿರಬಾರದು. ಪ್ರತಿ ಸರದಿಗೆ ಇದನ್ನು ಪರೀಕ್ಷಿಸುವ ಒಂದು ಎಣಿಕೆ ಇದ್ದು, ಅದು ಚಾಲೂ ಇದ್ದಾಗ ಮಾತ್ರ ಭಾರಿ ಅಶ್ವದಳ ತುಂಬಿಕೊಳ್ಳಬೇಕು. ಇಲ್ಲವಾದರೆ ನಾಡ ಕುದುರೆಯ ಹಗುರ ದಳವೇ ಗತಿ. ಬಿಜಾಪುರಕ್ಕೂ ಇಂಥದೇ ನಿಯಮ, ಆದರೆ ಅದಕ್ಕೆ ದಾಭೋಳದ ಬಂದರು.

ಆ ತಿದ್ದುಪಡಿಯೊಂದಿಗೆ ಆಡಿದ ಆಟ ಬೇರೆಯೇ ಆಯಿತು. ಗೋವೆಯೊಂದಿಗೆ ಕೆಣಕಿಕೊಂಡ ನನ್ನ ದಂಡು ಕೆಲವೇ ವರ್ಷಗಳಲ್ಲಿ ಕಾಲಾಳುಗಳ ಗುಂಪಾಯಿತು. ಬಿಜಾಪುರ ಅದನ್ನು ಕಂಡದ್ದೇ ದೋಆಬಿಗೆ ಇಳಿಯಿತು. ಯಾರೂ ಆದೇಶ ಬರೆಯದೆ ರಾಯಚೂರಿನ ಮುಂದೆ ಕದನ ನಡೆಯಿತು, ತಾರೀಖು ಮಾತ್ರ ಆಚೀಚೆ. ಸೋತದ್ದು ನಾನು.

ಉಳಿದ ತಕರಾರುಗಳು ಎರಡು. ದೋಆಬಿನ ಕೋಟೆಯೂರು ಮುದಗಲ್ಲು ಕೈ ಬದಲಾದಾಗಲೆಲ್ಲ ಧರ್ಮದ ಅಸಮಾಧಾನದಿಂದ ದಂಗೆ ಏಳುತ್ತದೆ. ಇದು ಮೂಲ ಆಟದ ಕ್ರುಸೇಡ್ ಲೆಕ್ಕಾಚಾರ, ದಖ್ಖನಿಗೆ ಹೊಂದದು. ಇಮ್ಮಡಿ ದೇವರಾಯನ ಕಾಲದಿಂದಲೇ ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಸವಾರರಿದ್ದರು; ಆ ಅಸಮಾಧಾನದ ಅಂಕಿಯನ್ನು ಕಾಲುಭಾಗಕ್ಕೆ ಇಳಿಸಬೇಕು. ಇನ್ನೊಂದು ಮುತ್ತಿಗೆಯದು. ರಾಯನ ನೆರವಿಗೆ ನಿಂತಿದ್ದ ಪೋರ್ಚುಗೀಸ ಕ್ರಿಸ್ತೋವಾವೊ ದ ಫಿಗೇರೆದೊನ ಕೋವಿಗಾರರು ರಾಯಚೂರು ಕೋಟೆಯ ಮೇಲಿದ್ದವರನ್ನು ಗುರಿಯಿಟ್ಟು ಕೆಡವುತ್ತಿದ್ದಾಗ, ಕೆಳಗೆ ರಾಯನ ಆಳುಗಳು ಗೋಡೆಯ ಕಲ್ಲು ಕೀಳುತ್ತಿದ್ದರು. ಮೆಡೀವಲ್ 2ರಲ್ಲಿ ಏಣಿ, ಗೋಪುರ, ಬಾಗಿಲು ಒಡೆಯುವ ದಿಮ್ಮಿ, ತೋಪುಗಳಿವೆ, ಗೋಡೆ ಕೀಳುವ ಆಳುಗಳಿಲ್ಲ. ದಿಮ್ಮಿಯ ಚಿತ್ರವನ್ನೇ ಬದಲಿಸಿ ಹಾರೆ ಹಿಡಿದವರನ್ನು ತೋರಿಸಬಹುದೇ ಎಂದು ಕೇಳಿದ್ದೇನೆ. ದಿಮ್ಮಿ ಬಾಗಿಲಿಗೆ ಮಾತ್ರ ಹೋಗುತ್ತದಲ್ಲ ಎಂಬ ಉತ್ತರ ಬಂದಿದೆ. ಮುಂದಿನ ಆವೃತ್ತಿಯಲ್ಲಿ ಸದ್ಯಕ್ಕೆ ಫಿಗೇರೆದೊನ ಕೋವಿಗಾರರು ಮಾತ್ರ ಬರುತ್ತಾರಂತೆ, ಅದೂ ಗೋವೆಯೊಂದಿಗೆ ಸ್ನೇಹವಿದ್ದರೆ.