ಓತೆಲ್ ದ ಸುಲ್ಲಿಗೆ ಯಾವ ಬಾಗಿಲಿನಿಂದ ಹೋಗಬೇಕು

ಪ್ಯಾರಿಸ್‌ನ ಮಾರೇ ಬಡಾವಣೆಯ ನಕ್ಷೆಯಲ್ಲಿ ಹೆಜ್ಜೆ ಹೆಜ್ಜೆಗೂ ‘ಓತೆಲ್’ ಎಂಬ ಹೆಸರು ಕಂಡು, ಇಲ್ಲಿ ಇಷ್ಟೊಂದು ಹೋಟೆಲುಗಳಿದ್ದೂ ನಮಗೆ ಊರಾಚೆ ರೂಮು ಏಕೆ ಎಂದು ನನ್ನ ಪತ್ನಿ ಕೇಳಿದ್ದಳು. ಹಳೆಯ ಫ್ರೆಂಚ್ ಬಳಕೆಯಲ್ಲಿ ಆ ಮಾತಿಗೆ ಸಿರಿವಂತರು ನಗರದೊಳಗೆ ಕಟ್ಟಿಸಿಕೊಂಡ ಸ್ವಂತ ಮಹಲು ಎಂದರ್ಥ. ಅವುಗಳಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಓತೆಲ್ ದ ಸುಲ್ಲಿಯನ್ನು ನೋಡಿ.

ಪ್ಲಾಸ್ ದೆ ವೋಜ್ ಚೌಕದ ನೈರುತ್ಯ ಮೂಲೆಯಲ್ಲಿರುವ ಪುಟ್ಟ ಬಾಗಿಲಿನಿಂದ ನುಗ್ಗಿದ ನಾವು ಇಡೀ ಮಹಲನ್ನು ಹಿಂದುಮುಂದಾಗಿ ನೋಡಿ, ಮರುದಿನ ಮತ್ತೆ ಬರಬೇಕಾಯಿತು. ನೀವು ಮೆಟ್ರೋ 1ನೇ ಮಾರ್ಗದ ಸೇಂಟ್ ಪಾಲ್ ನಿಲ್ದಾಣದಲ್ಲಿಳಿದು, ಸೇಂಟ್ ಆಂತ್ವಾನ್ ಬೀದಿಯ 62ನೇ ಸಂಖ್ಯೆಯ ಹೆಬ್ಬಾಗಿಲಿನಿಂದಲೇ ಹೋಗಿ. ಬೀದಿಯ ಗದ್ದಲ ಹೆಬ್ಬಾಗಿಲಲ್ಲೇ ನಿಂತು, ಮೂರು ಕಡೆ ಕಟ್ಟಡ ಸುತ್ತುವರಿದ ಕಲ್ಲುಹಾಸಿನ ಅಂಗಳ, ಅದರಾಚೆ ಮುಖ್ಯ ಮನೆ, ಮನೆಯ ಬೆನ್ನಿಗೆ ಉದ್ಯಾನ, ಕೊನೆಯಲ್ಲಿ ಚಳಿಗಾಲದಲ್ಲಿ ಕಿತ್ತಳೆ ಗಿಡಗಳನ್ನು ಇಡುವುದಕ್ಕೆಂದು ಕಟ್ಟಿದ ಮನೆ, ಹೀಗೆ ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಅಂಗಳಕ್ಕೂ ಉದ್ಯಾನಕ್ಕೂ ನಡುವೆ ಮನೆಯನ್ನಿಡುವುದೇ ಫ್ರೆಂಚ್ ಮಹಲುಗಳ ಕ್ರಮವಾದ್ದರಿಂದ, ಆ ಕ್ರಮದಲ್ಲೇ ನಡೆದರೆ ಮಾತ್ರ ಕಟ್ಟಿದವರ ಲೆಕ್ಕಾಚಾರ ತಿಳಿಯುತ್ತದೆ.

ಅಂಗಳದ ಮೆಟ್ಟಿಲುಗಳ ಇಕ್ಕೆಲದಲ್ಲಿ ಸ್ಫಿಂಕ್ಸ್ ಪ್ರತಿಮೆಗಳು ಕುಳಿತಿವೆ. ಪಕ್ಕದ ತೋಳುಗಳ ಗೋಡೆಯಲ್ಲಿ ಗಾಳಿ, ಬೆಂಕಿ, ಮಣ್ಣು, ನೀರು, ಎದುರಿನ ಗೋಡೆಯಲ್ಲಿ ಶರತ್ಕಾಲ ಮತ್ತು ಚಳಿಗಾಲ ಮೂರ್ತಿಗಳಾಗಿ ನಿಂತಿವೆ. ವಸಂತ ಮತ್ತು ಬೇಸಿಗೆಯನ್ನು ನೋಡಲು ಉದ್ಯಾನದ ಕಡೆಗೆ ದಾಟಬೇಕು. ಆ ಮುಖ ಉತ್ತರಕ್ಕಿರುವುದರಿಂದ ಬೇಸಿಗೆಯ ಮೂರ್ತಿ ನೆರಳಿನಲ್ಲಿ, ಚಳಿಗಾಲದ ಮೂರ್ತಿ ಬಿಸಿಲಿನಲ್ಲಿ ಇರುವುದು ತಮಾಷೆಯೆನಿಸಿತು. ಅಂಗಳದ ಫೋಟೋ ತೆಗೆಯುವವರಿಗೆ ನಡುಹಗಲೇ ಅನುಕೂಲ.

1620ರ ದಶಕದಲ್ಲಿ ಹಣಕಾಸು ವ್ಯವಹಾರಸ್ಥ ಮೆಸ್ಮ್ ಗಾಲೆ ಕಟ್ಟಿಸಲು ತೊಡಗಿದ ಈ ಮನೆಯನ್ನು 1634ರಲ್ಲಿ ಸುಲ್ಲಿಯ ಡ್ಯೂಕ್ ಕೊಂಡ. ಹಿಂಬದಿಯ ಚೌಕವನ್ನು ಕಟ್ಟಿಸಲು ಆರಂಭಿಸಿದ ನಾಲ್ಕನೇ ಹೆನ್ರಿಗೆ ಮಂತ್ರಿಯಾಗಿದ್ದ ಈತ, ಆ ದೊರೆಯ ಕೊಲೆಯಾಗಿ 24 ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಇಲ್ಲಿಗೆ ಬಂದ. ಮುಂದೆ ಮಹಲು ಅಂಗಡಿ, ಬಾಡಿಗೆ ಮನೆಗಳ ಪಾಲಾಗಿ, 1944ರಲ್ಲಿ ಸರ್ಕಾರದ ಕೈಸೇರಿ ದುರಸ್ತಿ ಕಂಡಿತು.

ಒಳಗೀಗ ರಾಷ್ಟ್ರೀಯ ಸ್ಮಾರಕಗಳ ಕಚೇರಿಯಿರುವುದರಿಂದ ಕೋಣೆಗಳನ್ನು ನೋಡುವ ಆಸೆ ಇಟ್ಟುಕೊಳ್ಳಬೇಡಿ; ಅಂಗಳ, ಉದ್ಯಾನಗಳಿಗೆ ಟಿಕೆಟ್ ಇಲ್ಲ, ಸಂಜೆ ಬಾಗಿಲು ಹಾಕುತ್ತಾರೆ. ಒಳಾಂಗಣ ನೋಡಲೇಬೇಕೆನ್ನುವವರು ಚೌಕ ದಾಟಿ, ನಗರದ ವಸ್ತುಸಂಗ್ರಹಾಲಯವಾಗಿರುವ ಕಾರ್ನವಾಲೆ ಮಹಲಿಗೆ ನಡೆದು ಹೋಗಬಹುದು. ಅಲ್ಲಿಯ ಕಾಯಂ ಸಂಗ್ರಹಕ್ಕೂ ಶುಲ್ಕವಿಲ್ಲ, ಆದರೆ ಸೋಮವಾರ ರಜೆ.