ಅಲುಗಾಡುವ ಕ್ಲೀಟ್: ದೋಣಿ ರಿಪೇರಿ, ಮಳೆಗಾಲದ ಕಂತು

ಹೋದ ವರ್ಷ ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನನ್ನ 18 ಅಡಿ ಫೈಬರ್ ದೋಣಿಯ ಮುಂದಿನ ಕ್ಲೀಟ್, ಅಂದರೆ ಹಗ್ಗ ಸುತ್ತುವ ಎರಡು ಕೊಂಬಿನ ಸ್ಟೀಲ್ ತುಂಡು, ಅಲುಗಾಡುತ್ತಿತ್ತು. ಸ್ಪ್ಯಾನರ್ ತಂದು ನಾಲ್ಕೂ ನಟ್ ಬಿಗಿ ಮಾಡಿದೆ. ತಿಂಗಳೊಳಗೆ ಮತ್ತೆ ಸಡಿಲ. ಮತ್ತೆ ಬಿಗಿ ಮಾಡಿದೆ. ನಟ್ ಇಷ್ಟು ಸುಲಭವಾಗಿ ಯಾಕೆ ತಿರುಗುತ್ತಿದೆ ಅಂತ ಒಂದು ಸಲವೂ ಯೋಚಿಸಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿ ಕಡೆ ದೋಣಿಗಳೆಲ್ಲ ದುರಸ್ತಿಗೆ ಕೂರುವ ಕಾಲ. ನನ್ನದನ್ನೂ ಪಂಚಗಂಗಾವಳಿ ನದಿಯಿಂದ ಮೇಲೆತ್ತಿ ಮನೆ ಪಕ್ಕದ ಮಾಡಿನಡಿ ಇಟ್ಟೆ. ಫೈಬರ್ ಕೆಲಸದ ಹಿರಿಯರೊಬ್ಬರು ಬಂದು ಚಮಚದ ಹಿಂಬದಿಯಿಂದ ಡೆಕ್ ಬಡಿದರು. ಹ್ಯಾಚ್, ಅಂದರೆ ಡೆಕ್ಕಿನ ಮುಚ್ಚಳದ ಹತ್ತಿರ ‘ಟಕ್ ಟಕ್’. ಕ್ಲೀಟ್ ಸುತ್ತ ‘ದಬ್ ದಬ್’. “ಕುಂಬಾದ ಹಲಗೆಗೆ ನಟ್ ಎಷ್ಟು ತಿರುಗಿಸಿದ್ರೂ ಅಷ್ಟೇ ಮಾರಾಯ್ರೆ” ಅಂದರು.

ಡೆಕ್ ಅಂದರೆ ಮೇಲೆ ಫೈಬರ್, ಕೆಳಗೆ ಫೈಬರ್, ನಡುವೆ 12 ಮಿ.ಮೀ. ಪ್ಲೈವುಡ್. ಬೋಲ್ಟ್ ಪಕ್ಕದಿಂದ ನೀರು ಇಳಿದು ಪ್ಲೈವುಡ್ ಮೆತ್ತಗಾಗಿದೆ. ಕೆಳಗಿದ್ದದ್ದು ಎಂಟಾಣೆಯಷ್ಟಗಲದ ವಾಷರ್. ನಾನು ಬಿಗಿ ಮಾಡಿದಾಗಲೆಲ್ಲ ಅದು ಇನ್ನಷ್ಟು ಒಳಗೆ ಹೂತುಕೊಂಡಿದೆ, ಅಷ್ಟೇ.

ಬೋಲ್ಟ್ ಬಿಚ್ಚಿದಾಗ ಇನ್ನೊಂದು ಆಶ್ಚರ್ಯ. ತಲೆ ಫಳಫಳ, ನಡುಭಾಗ ಕಂದು ಬಣ್ಣ, ಇಲಿ ಕಡಿದ ಹಾಗೆ ಗುಳಿಗಳು. ಸ್ಟೇನ್‌ಲೆಸ್ ಸ್ಟೀಲಿಗೂ ಗಾಳಿ ಬೇಕು. ಗಾಳಿ ತಾಗದ ಕಡೆ ಉಪ್ಪುನೀರು ನಿಂತರೆ ಅದೂ ತಿನ್ನಲ್ಪಡುತ್ತದೆ. ಹೊರಗಿಂದ ನೋಡಿದರೆ ಗೊತ್ತೇ ಆಗಲ್ಲ.

8 ಮಿ.ಮೀ. ತೂತುಗಳನ್ನು 14 ಮಿ.ಮೀ.ಗೆ ದೊಡ್ಡದು ಮಾಡಿದೆ. ಒಂದು ಮೊಳೆಯನ್ನು ಬಗ್ಗಿಸಿ ಡ್ರಿಲ್ಲಿಗೆ ಸಿಕ್ಕಿಸಿ, ಎರಡು ಪದರಗಳ ನಡುವಿನ ಹಾಳಾದ ಪ್ಲೈವುಡ್ ಕೆರೆದೆ. ಚಹಾ ಚರಟದಂಥ ಕಪ್ಪು ಪುಡಿ ಬಂತು. ವಾಸನೆ ಬೇಡ ಬಿಡಿ. ಒಣಗಿಸಲು ಎಂಟು ದಿನ ಬಲ್ಬು ಉರಿಸಿಟ್ಟೆ. ಮಳೆಗಾಲದಲ್ಲಿ ಇದೇ ದೊಡ್ಡ ಕೆಲಸ.

ತುಂಬಲು ಇಪಾಕ್ಸಿ (ಎರಡು ದ್ರವ ಬೆರೆಸಿದಾಗ ಕಲ್ಲಾಗುವ ಅಂಟು) ಬಳಸಿದೆ. ಯಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್ನಿಗೆ ಕೋಬಾಲ್ಟ್ ಬೆರೆಸಿ, ಆಮೇಲೆ ಕ್ಯಾಟಲಿಸ್ಟ್ ಹಾಕುತ್ತಾರೆ. (ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡನ್ನು ನೇರವಾಗಿ ಒಟ್ಟಿಗೆ ಸುರಿಯಬಾರದು, ಬೆಂಕಿಯೇ ಹತ್ತಬಹುದು.) ಅದು ಅಗ್ಗ, ಆದರೆ ಮರವನ್ನು ಇಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಇಪಾಕ್ಸಿಯನ್ನು ಮೊದಲು ನೀರಾಗಿಯೇ ಬಳಿದೆ, ಮರ ಹೀರಿಕೊಳ್ಳಲಿ ಅಂತ. ಆಮೇಲೆ ಏರೋಸಿಲ್ ಅನ್ನುವ ನುಣ್ಣನೆಯ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಚಟ್ನಿ ಹದಕ್ಕೆ ತಂದೆ. ಒಂದೇ ಸಲ ಜಾಸ್ತಿ ಕಲಸಿ ಕಪ್ಪಿನಲ್ಲೇ ಬಿಟ್ಟು ಫೋನ್ ತಗೊಂಡೆ. ತಿರುಗಿ ನೋಡಿದರೆ ಕಪ್ಪಿನಿಂದ ಹೊಗೆ! ಮುಟ್ಟಲಾಗದಷ್ಟು ಬಿಸಿ, ಒಳಗೆ ಕಲ್ಲು. ಎರಡನೇ ಸಲ ಸ್ವಲ್ಪವೇ ಕಲಸಿ ತಟ್ಟೆಯಲ್ಲಿ ತೆಳ್ಳಗೆ ಹರಡಿಕೊಂಡೆ, ಆಗ ಸಮಯ ಸಿಕ್ಕಿತು.

ಗಟ್ಟಿಯಾದ ಮೇಲೆ ನಡುವೆ ಮತ್ತೆ 8 ಮಿ.ಮೀ. ತೂತು. ಈಗ ಬೋಲ್ಟಿನ ಸುತ್ತ ಇರುವುದು ಇಪಾಕ್ಸಿ, ಮರ ಅಲ್ಲ. ನೀರು ಇಳಿದರೂ ಪ್ಲೈವುಡ್ ಮುಟ್ಟಲ್ಲ. ತೂತಿನ ಬಾಯಿಯನ್ನು ಸ್ವಲ್ಪ ಇಳಿಜಾರಾಗಿ ಕೊರೆದು, ಬೋಲ್ಟ್ ತಲೆಯಡಿ ನೀರು ತಡೆಯುವ ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್) ಉಂಡೆ ಮಾಡಿ ಸುತ್ತಿದೆ. ಸಿಲಿಕೋನ್ ಬೇಡ. ಒಮ್ಮೆ ಹಚ್ಚಿದರೆ ಆ ಜಾಗಕ್ಕೆ ಮುಂದೆ ಪೇಂಟೂ ಹಿಡಿಯಲ್ಲ.

ವಾಷರ್ ಮತ್ತೆ ಹೂತುಕೊಳ್ಳದಂತೆ ಡೆಕ್ಕಿನ ಅಡಿಗೆ ಕೊಡುವ ಅಗಲದ ಹಲಗೆ ಸಿಕ್ಕಿದ್ದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ: 6 ಮಿ.ಮೀ. ಗ್ಲಾಸ್ ಇಪಾಕ್ಸಿ ಶೀಟಿನ ತುಂಡು. ಅಲ್ಯೂಮಿನಿಯಂ ಹಾಕಿದ್ದರೆ ಉಪ್ಪುನೀರಿನಲ್ಲಿ ಸ್ಟೀಲ್ ಬೋಲ್ಟ್ ಜೊತೆ ಸೇರಿ ಪುಡಿಯಾಗುತ್ತಿತ್ತು. ಮೂಲೆಗಳನ್ನು ದುಂಡು ಮಾಡಿದೆ, ಹೊಸ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್, ದೊಡ್ಡ ವಾಷರ್, ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್. ನನ್ನ ತಮ್ಮ ಮೇಲಿಂದ ಬೋಲ್ಟ್ ತಿರುಗದಂತೆ ಹಿಡಿದ, ನಾನು ಕೆಳಗೆ ಮಲಗಿ ನಟ್ ಮಾತ್ರ ತಿರುಗಿಸಿದೆ. ಬೋಲ್ಟೇ ತಿರುಗಿದರೆ ಟೇಪ್ ಹರಿಯುತ್ತದೆ. ಬ್ಯುಟೈಲ್ ನಿಧಾನಕ್ಕೆ ಹಿಂಡಿಕೊಳ್ಳುತ್ತೆ, ಹಾಗಾಗಿ ಮೂರು ದಿನ, ದಿನಕ್ಕೆ ಅರ್ಧ ಸುತ್ತು.

ನಿನ್ನೆ ಒಳಗೆ ಪೇಪರ್ ಹಾಸಿ ಮೇಲಿಂದ ಹತ್ತು ಬಕೆಟ್ ನೀರು ಸುರಿದೆ. ಕ್ಲೀಟ್ ಕೆಳಗೆ ಒಣ ಪೇಪರ್. ಸ್ವಲ್ಪ ಹಿಂದೆ ಮಾತ್ರ ರೂಪಾಯಿ ಅಗಲದ ಒದ್ದೆ ಗುರುತು. ಹ್ಯಾಚ್ ಕೀಲಿನ ಸ್ಕ್ರೂ. ಚಮಚ ಮತ್ತೆ ತಂದು ಬಡಿದೆ. ಸದ್ಯ, ಇನ್ನೂ ‘ಟಕ್ ಟಕ್’ ಅನ್ನುತ್ತಿದೆ. ಈ ಭಾನುವಾರ ಅದನ್ನೇ ಬಿಚ್ಚುವುದು.