ಬೆಳದಿಂಗಳಿಗೆ ಕೆಂಪು ಕಾಣದು

ಕೃಷ್ಣರಾಜ ಮಾರುಕಟ್ಟೆಯ ಕೂಗಳತೆಯಲ್ಲಿ, ಒಮ್ಮೆ ಟಿಪ್ಪು ಸುಲ್ತಾನನ ಕೈಯಲ್ಲಿದ್ದ ಬೆಂಗಳೂರು ಕೋಟೆಯ ಅಷ್ಟಿಷ್ಟು ಗೋಡೆ ಇನ್ನೂ ನಿಂತಿದೆ. 1791ರ ಮಾರ್ಚ್ 21ರಂದು ಬ್ರಿಟಿಷರ ಸೇನೆ ಒಳನುಗ್ಗಿದ್ದು ಈ ಬಿರುಕಿನಿಂದಲೇ ಎಂದು ಹೇಳುವ ಕಲ್ಲೊಂದನ್ನು ಆ ಗೋಡೆಗೆ ಕೂರಿಸಿದ್ದಾರೆ. ಇಪ್ಪತ್ತು ವರ್ಷ ಆ ದಾರಿಯಲ್ಲಿ ಓಡಾಡಿದ ನಾನು ಅದನ್ನು ನಿಂತು ಓದಿದ್ದು, ಆ ರಾತ್ರಿಯ ಕಾಳಗವನ್ನು ಮರುಸೃಷ್ಟಿಸುವ ಒಂದು ಸಾಕ್ಷ್ಯಚಿತ್ರಕ್ಕೆ ಉಡುಪುಗಳ ಸಲಹೆಗಾರ್ತಿಯಾಗಲು ಒಪ್ಪಿಕೊಂಡ ಮೇಲೆ. ಕಾಲೇಜಿನಲ್ಲಿ ನಾನು ಪಾಠ ಹೇಳುವುದು ಬಟ್ಟೆ ಮತ್ತು ಬಣ್ಣಗಳ ಬಗ್ಗೆಯೇ ಹೊರತು ಯುದ್ಧದ ಬಗ್ಗೆ ಅಲ್ಲ. ಬಟ್ಟೆ ಸರಿಯಾದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ಧೈರ್ಯ ಆಗ ನನಗಿತ್ತು.

ನಿರ್ಮಾಪಕರ ಲೆಕ್ಕದಲ್ಲಿ ಉಡುಪು ಎಂದರೆ ಬಾಡಿಗೆ. ಅವರು ನನ್ನನ್ನು ನೇರವಾಗಿ ಬಳೇಪೇಟೆಯ ಒಂದು ಹಳೆಯ ಡ್ರಾಮಾ ಡ್ರೆಸ್ ಅಂಗಡಿಗೆ ಕರೆದುಕೊಂಡು ಹೋದರು. ಎಲ್ಲರೂ ಮಾಸ್ಟರ್ ಎಂದು ಕರೆಯುವ ಅಂಗಡಿಯ ಯಜಮಾನರು ಎಪ್ಪತ್ತರ ಆಸುಪಾಸಿನವರು. ಕಂಪನಿ ನಾಟಕಗಳ ಕಾಲದಲ್ಲಿ ಅವರ ತಂದೆ ರಾಜರಿಗೂ ರಾಕ್ಷಸರಿಗೂ ಒಂದೇ ಕತ್ತರಿಯಲ್ಲಿ ಅಂಗಿ ಕತ್ತರಿಸಿದವರು. "ಬ್ರಿಟಿಷ್ ಸೆಟ್ ಬೇಕಾ ಮೇಡಂ, ರೆಡಿ ಇದೆ" ಎಂದು ಅವರು ಅಟ್ಟದಿಂದ ಇಳಿಸಿದ ಗಂಟಿನಲ್ಲಿ ಅಂಚೆಪೆಟ್ಟಿಗೆಯ ಕೆಂಪಿನ ಮೂವತ್ತು ಕೋಟುಗಳಿದ್ದವು. ಭುಜದ ಮೇಲೆ ಚಿನ್ನದ ಬಣ್ಣದ ಗೊಂಡೆ, ಎದೆಯ ಮೇಲೆ ಪ್ಲಾಸ್ಟಿಕ್ ಗುಂಡಿ. ಅದೇ ಕೋಟು 1824ರ ಕಿತ್ತೂರಿಗೂ ಹೋಗಿದೆ, ರಾಯಣ್ಣನನ್ನು ಹಿಡಿಯಲೂ ಹೋಗಿದೆ, 1857ಕ್ಕೂ ಹೋಗಿ ಬಂದಿದೆ. ಜೊತೆಗೆ ಒಂದು ಮೂಟೆ ಸೋಲಾ ಟೋಪಿಗಳು. ಆ ಟೋಪಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಳಕೆಗೆ ಬಂದದ್ದು, 1791ರ ಬ್ರಿಟಿಷ್ ದಂಡಿನ ನಾಯಕ ಕಾರ್ನ್‌ವಾಲಿಸನ ಸೈನಿಕನ ತಲೆಯ ಮೇಲೆ ಅದು ಕೂರಲಾರದು ಎಂದು ನಾನು ಹೇಳಿದಾಗ ಮಾಸ್ಟರ್ ಒಂದು ಕ್ಷಣ ನನ್ನನ್ನು ದಿಟ್ಟಿಸಿ, "ಟೋಪಿ ಇಲ್ಲದಿದ್ರೆ ಅವನು ಇಂಗ್ಲಿಷ್‌ನೋನು ಅಂತ ಜನಕ್ಕೆ ಹೆಂಗೆ ಗೊತ್ತಾಗತ್ತೆ?" ಎಂದರು.

ಅವರ ಪ್ರಶ್ನೆ ನನಗೆ ಆಗ ಮೊಂಡುತನದಂತೆ ಕಂಡಿತ್ತು. ನಮ್ಮ ಕಣ್ಣಿಗೆ ಇತಿಹಾಸವೆಂದರೆ ಹೇಗಿರಬೇಕು ಎಂಬುದನ್ನು ಕಲಿಸಿದ್ದು ಶಾಸನವೂ ಅಲ್ಲ, ವಸ್ತುಸಂಗ್ರಹಾಲಯವೂ ಅಲ್ಲ. ಕಂಪನಿ ನಾಟಕದ ಮಖಮಲ್ಲು, ಅದರ ಹಿಂದೆಯೇ ಬಂದ ಸಿನಿಮಾ, ಮತ್ತು ರವಿವರ್ಮನ ಕ್ಯಾಲೆಂಡರುಗಳು. ನಾನೂ ಅದೇ ಶಾಲೆಯಲ್ಲಿ ಕಲಿತವಳು ಎಂಬುದು ತಿಳಿಯಲು ಇನ್ನೂ ಮೂರು ವಾರ ಬೇಕಾಯಿತು.

ಆ ಮೂರು ವಾರಗಳನ್ನು ನಾನು ಕಳೆದದ್ದು ಎರಡು ಬಣ್ಣಗಳ ಹಿಂದೆ. ಟಿಪ್ಪುವಿನ ಖಾಯಂ ಕಾಲಾಳುಗಳು ನೇರಳೆ ನೆಲದ ಮೇಲೆ ಬಿಳಿಯ ಹುಲಿಗುರುತುಗಳಿದ್ದ ಅಂಗಿ ತೊಡುತ್ತಿದ್ದರೆಂದು ಆಗಿನ ಇಂಗ್ಲಿಷ್ ಬರಹಗಳು ಹೇಳುತ್ತವೆ. ಆದರೆ ಯಾವ ನೇರಳೆ? ಪರ್ಕಿನ್ ಎಂಬ ಹುಡುಗ ಲಂಡನ್ನಿನಲ್ಲಿ ಮೊದಲ ಕೃತಕ ನೇರಳೆಯನ್ನು ತಯಾರಿಸಿದ್ದು 1856ರಲ್ಲಿ. ಅದಕ್ಕೆ ಮೊದಲು ಬಟ್ಟೆಗೆ ಬಣ್ಣ ಬರಬೇಕಾದರೆ ಬಹುಪಾಲು ಗಿಡದ ಎಲೆ, ಬೇರು, ತೊಗಟೆ ಅಥವಾ ಹುಳುವಿನಿಂದ ಬರಬೇಕಿತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಗಜ ಖಾದಿಯನ್ನು ನೀಲಿಯ ತೊಟ್ಟಿಯಲ್ಲಿ ಅದ್ದಿ ಒಣಗಿಸಿ, ಪಟಿಕದ ನೀರು ಕುಡಿಸಿ, ಮೇಲೆ ಕೆಂಪು ಕೊಡುವ ಮಂಜಿಷ್ಠದ ಬೇರಿನಲ್ಲಿ ಕುದಿಸಿದಾಗ ಬಂದದ್ದು ಬಾಡಿದ ಬದನೆಕಾಯಿಯ ಬಣ್ಣ. ಅದನ್ನು ಕಂಡು ನನಗಾದ ಸಂತೋಷ ನಿರ್ದೇಶಕರಿಗೆ ಆಗಲಿಲ್ಲ. ಇಪ್ಪತ್ತನಾಲ್ಕು ಅಂಗಿಗಳನ್ನು ಹಾಗೆ ಬಣ್ಣ ಕಟ್ಟಲು ದಿನವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಕೊನೆಗೆ ಆ ಒಂದು ಗಜವನ್ನು ಮಾದರಿಯಾಗಿಟ್ಟು, ಅದಕ್ಕೆ ಹೊಂದುವ ರಾಸಾಯನಿಕ ಬಣ್ಣ ಹಾಕಿಸಿ, ಹುಲಿಗುರುತಿನ ಜಾಗದಲ್ಲಿ ಮಾತ್ರ ಬಣ್ಣ ಕಳೆಯುವ ಡಿಸ್ಚಾರ್ಜ್ ಪ್ರಿಂಟ್ ಮಾಡಿಸಿದೆವು. ಅದು ಮೋಸವೇ, ಆದರೆ ಕಣ್ಣಿಗೆ ನಿಜ ಹೇಳುವ ಮೋಸ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಕೆಂಪಿನ ಕತೆಯೂ ಹಾಗೆಯೇ. ಬ್ರಿಟಿಷ್ ಅಧಿಕಾರಿಯ ಕೋಟಿಗೆ ಕೊಚಿನೀಲ್ ಹುಳುವಿನ ಉರಿಗೆಂಪು, ಸಾಮಾನ್ಯ ಸಿಪಾಯಿಯ ಕೋಟಿಗೆ ಮಂಜಿಷ್ಠದ ಜಾತಿಯ ಬೇರಿನ ಇಟ್ಟಿಗೆಗೆಂಪು. ಒಂದೇ ಸಾಲಿನಲ್ಲಿ ನಿಂತವರ ನಡುವೆ ದುಡ್ಡಿನ ಅಂತರವನ್ನು ಬಣ್ಣವೇ ಹೇಳುತ್ತಿತ್ತು. ಈ ಎರಡು ಕೆಂಪುಗಳಿಗಾಗಿ ನಾನು ಚಿಕ್ಕಪೇಟೆಯ ಅಂಗಡಿಗಳನ್ನೆಲ್ಲ ಹತ್ತಿ ಇಳಿದೆ. ಅಲ್ಲಿಯೇ ಮಾಸ್ಟರ್ ಬಗ್ಗೆ ನನ್ನ ಅಭಿಪ್ರಾಯ ಮೊದಲ ಸಲ ಬದಲಾದದ್ದು. ಅಂಗಡಿಯವನು ಅಪ್ಪಟ ಹತ್ತಿ ಎಂದು ಆಣೆ ಇಡುತ್ತಿದ್ದಾಗ ಅವರು ಅಂಚಿನಿಂದ ಎರಡು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಹಿಡಿದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಬೇಕು. ಇದು ಕರಗಿ, ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಮಾಸ್ಟರ್ ಆ ಮಣಿಯನ್ನು ಅಂಗಡಿಯವನ ಗಾದಿಯ ಮೇಲಿಟ್ಟು ಎದ್ದುಬಂದರು. ನಾನು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಬಿಳಿ ಕೋಟು ತೊಟ್ಟು ಮಾಡಿ ತೋರಿಸುವ ಪರೀಕ್ಷೆ ಅದು.

ಚಿತ್ರಗಳ ಆಧಾರವೂ ಅಂದುಕೊಂಡಷ್ಟು ಗಟ್ಟಿಯಾಗಿರಲಿಲ್ಲ. ಮೈಸೂರಿನ ಸೇನೆ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಬರೆದಿದ್ದಾರೆ. ಸೈನಿಕರ ಉಡುಪಿಗೆ ಅದಕ್ಕಿಂತ ಹತ್ತಿರದ ಸಾಕ್ಷಿ ಇನ್ನೇನು ಎಂದು ನಾನು ಒಂದು ದಿನವಿಡೀ ಅಲ್ಲಿ ನಿಂತು ಗೀಚಿಕೊಂಡು ಬಂದೆ. ಬಂದ ಮೇಲೆ ಓದಿದರೆ, ಸುಣ್ಣದಡಿ ಮರೆಯಾಗಿದ್ದ ಆ ಚಿತ್ರವನ್ನು ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಲಾಗಿತ್ತು. ಎಂದರೆ ನಾನು ಗೀಚಿಕೊಂಡದ್ದು ಟಿಪ್ಪುವಿನ ಕಾಲದ ಅಂಗಿಯೋ, ಅರ್ಧ ಶತಮಾನದ ನಂತರದ ಕಲಾವಿದನೊಬ್ಬನ ನೆನಪಿನ ಅಂಗಿಯೋ? ಕಾರ್ನ್‌ವಾಲಿಸನ ದಂಡಿನ ಜೊತೆ ತಿರುಗಿದ ಚಿತ್ರಕಾರ ರಾಬರ್ಟ್ ಹೋಂ, ಕೋಟೆಗೆ ಮೊದಲು ಬಿದ್ದ ಪೇಟೆಯ ಬಾಗಿಲಲ್ಲಿ ಮಾರ್ಚ್ 7ರಂದು ಸತ್ತ ಕರ್ನಲ್ ಮೂರ್‌ಹೌಸನನ್ನು ಚಿತ್ರಿಸಿದ್ದಾನೆ. ಆದರೆ ವೀರಮರಣದ ಚಿತ್ರದಲ್ಲಿ ಬಟ್ಟೆಗೆ ಬೆವರು ಎಲ್ಲಿಂದ ಬರಬೇಕು?

ಚಿತ್ರೀಕರಣದ ದಿನ ನಸುಕಿಗೇ ದೇವನಹಳ್ಳಿಯ ಆಚೆಗಿನ ಒಂದು ಖಾಸಗಿ ಜಮೀನಿಗೆ ಹೋದೆವು. ನೀಲಗಿರಿ ತೋಪಿನ ಅಂಚಿಗೆ ಥರ್ಮಾಕೋಲಿನ ಕೋಟೆಗೋಡೆ ಎದ್ದಿತ್ತು. ಹಗಲಿಗೆ ಪೇಟೆಯ ದೃಶ್ಯ, ಇಳಿಹೊತ್ತಿಗೆ ಸೈನಿಕರ ಓಟ, ರಾತ್ರಿಗೆ ಕೋಟೆಯ ದಾಳಿ ಎಂದು ನಿಗದಿಯಾಗಿತ್ತು.

ಪೇಟೆಯ ದೃಶ್ಯವೇ ನನ್ನನ್ನು ಸುಸ್ತು ಮಾಡಿತು. ಮನೆ ಬಿಟ್ಟು ಓಡುವ ನೇಕಾರರ ಹೆಂಗಸರಾಗಿ ಬಂದ ಹತ್ತು ಮಂದಿಗೆ ಸಹಾಯಕ ನಿರ್ದೇಶಕರು ಯಾರನ್ನೂ ಕೇಳದೆ ಮೈಸೂರು ಸಿಲ್ಕ್ ಸೀರೆ ಉಡಿಸಿದ್ದರು. ರೇಷ್ಮೆಹುಳು ಸಾಕಣೆಗೆ ಈ ನಾಡಿನಲ್ಲಿ ಒತ್ತಾಸೆ ಕೊಟ್ಟವನು ಟಿಪ್ಪುವೇ ಎಂಬುದು ನಿಜ, ಆದರೆ ನಾವಿಂದು ಮೈಸೂರು ಸಿಲ್ಕ್ ಎನ್ನುವ ಜಾರುವ ಕ್ರೇಪ್ ಸೀರೆಯ ಕಾರ್ಖಾನೆ ಶುರುವಾದದ್ದು 1912ರಲ್ಲಿ. ಸೀರೆ ಬದಲಿಸಿದರೆ ಒಳಗೆ ಲಂಗ, ಸೆರಗಿಗೆ ಪಿನ್ನು, ತೋಳಿಗೆ ಪಫ್. ಈಗಿನ ಸೇಫ್ಟಿ ಪಿನ್ ಹುಟ್ಟಿದ್ದು 1849ರಲ್ಲಿ. ಪಿನ್ನು ತೆಗೆಸಿ, ಎದುರಿಗೆ ಗಂಟು ಹಾಕುವ ಕುಪ್ಪಸ ತೊಡಿಸಿ, ಒರಟು ಹತ್ತಿಯ ಸೀರೆಗೆ ಕಚ್ಚೆ ಹಾಕಿಸಿದಾಗ ಹುಡುಗಿಯರು ಮೊದಲು ನಾಚಿಕೊಂಡರು. ಆಮೇಲೆ ಓಡುವಾಗ ಒಬ್ಬಳ ಕಾಲಿಗೂ ಸೀರೆ ತೊಡರಲಿಲ್ಲ. ಸೆರಗನ್ನು ಅವರು ಹಿಡಿದುಕೊಂಡು ಓಡಬೇಕಾಗಿ ಬಂತು. ಆ ಕೈಯಲ್ಲಿ ಬೇರೇನೂ ಹಿಡಿಯಲಾಗಲಿಲ್ಲ. ಮಗುವನ್ನು ಎತ್ತಿಕೊಂಡಿದ್ದವಳು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ. ಇಡೀ ದಿನದಲ್ಲಿ ನನಗೆ ಅನುಮಾನವಿಲ್ಲದೆ ನಿಜವೆನಿಸಿದ ಒಂದು ಚೌಕಟ್ಟು ಅದು.

ಗಂಡಸರ ಓಟದಲ್ಲಿ ಬೇರೆಯದೇ ಗ್ರಹಚಾರ. ಅಂಟು ಹಾಕಿ ಮೊದಲೇ ಸುತ್ತಿಟ್ಟಿದ್ದ ಪೇಟಗಳು ಮೊದಲ ಟೇಕಿನಲ್ಲಿಯೇ ಏಳೆಂಟು ತಲೆಗಳಿಂದ ಉರುಳಿದವು. ಆಗ ಜೂನಿಯರ್ ಆರ್ಟಿಸ್ಟುಗಳ ಸಾಲಿನಿಂದ ಗದಗದ ಕಡೆಯ ಒಬ್ಬ ಹಿರಿಯರು ಮುಂದೆ ಬಂದರು. ಹಗಲು ಯಾವುದೋ ಅಪಾರ್ಟ್‌ಮೆಂಟಿನ ಗೇಟು ಕಾಯುವವರು. "ರುಮಾಲ ಅಂದ್ರ ತಲೀಗೆ ಸುತ್ತಬೇಕ್ರೀ ಅಕ್ಕಾರ, ತಲೀ ಮ್ಯಾಲೆ ಇಡೂದಲ್ಲ" ಎಂದು ಹೇಳಿ, ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಸುತ್ತತೊಡಗಿದರು. ಒಂದು ಗಂಟೆಯೊಳಗೆ ಇಪ್ಪತ್ತನಾಲ್ಕು ತಲೆಗಳೂ ಮುಗಿದವು. ಅದು ಉತ್ತರ ಕರ್ನಾಟಕದ ಸುತ್ತೇ ಹೊರತು ಟಿಪ್ಪುವಿನ ಕಾಲಾಳಿನದಲ್ಲ ಎಂದು ಒಬ್ಬ ಓದುಗ ಆಕ್ಷೇಪಿಸಬಹುದು, ನಾನು ಒಪ್ಪುತ್ತೇನೆ. ಆದರೆ ಅದು ಬೀಳಲಿಲ್ಲ. ರುಮಾಲನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂಬುದಕ್ಕೆ ಇತಿಹಾಸದಲ್ಲಿಯೇ ಪಾಠವಿದೆ: ಮದ್ರಾಸ್ ಸೇನೆಯ ಸಿಪಾಯಿಗಳಿಗೆ ಚರ್ಮದ ಬಿಲ್ಲೆಯ ಹೊಸ ಪೇಟ ತೊಡಿಸಿ, ಹಣೆಯ ನಾಮ, ಕಿವಿಯ ಒಂಟಿ, ಗಡ್ಡಗಳನ್ನು ತೆಗೆಸಲು ಹೋದದ್ದೇ 1806ರ ಜುಲೈ 10ರ ವೆಲ್ಲೂರು ದಂಗೆಗೆ ಕಾರಣಗಳಲ್ಲಿ ಒಂದು.

ಪೇಟ ನಿಂತಿತು ಎನ್ನುವಾಗ ಛಾಯಾಗ್ರಾಹಕರು ನನ್ನನ್ನು ಮಾನಿಟರಿನ ಹತ್ತಿರ ಕರೆದರು. ದೂಳಿನ ಮೇಲೆ, 1791ರ ಸೈನಿಕರು ಓಡಿಹೋದ ದಾರಿಯುದ್ದಕ್ಕೂ, ಸ್ಪೋರ್ಟ್ಸ್ ಶೂಗಳ ಅಡಿಯ ಅಲೆಅಲೆಯಾದ ಗುರುತು ಅಚ್ಚೊತ್ತಿತ್ತು. ಕಾಲಿಗೆ ಕಲ್ಲು ಚುಚ್ಚುತ್ತದೆಂದು ಹುಡುಗರು ತಮ್ಮ ಶೂಗಳ ಮೇಲೆಯೇ ಕಂದು ಬಟ್ಟೆ ಸುತ್ತಿಕೊಂಡಿದ್ದರು. ಬಟ್ಟೆ ಪಾದದ ಮೇಲ್ಭಾಗವನ್ನು ಮುಚ್ಚಿತ್ತು, ಅಡಿಯನ್ನಲ್ಲ. ಪೊರಕೆ ತಂದು ನೆಲ ಗುಡಿಸಿ ಮತ್ತೆ ಓಡಿಸಿದೆವು, ಈ ಸಲ ಬರಿಗಾಲಿನಲ್ಲಿ. ಓಟದ ಗತ್ತು ಹೋಗಿ, ನೋಡಿಕೊಂಡು ಹೆಜ್ಜೆ ಇಡುವ ಓಟ ಬಂತು. ನಿರ್ದೇಶಕರಿಗೆ ಅದು ಹಿಡಿಸಲಿಲ್ಲ, ನನಗೆ ಹಿಡಿಸಿತು. ಚಿತ್ರದಲ್ಲಿ ಉಳಿದದ್ದು ಅವರಿಗೆ ಹಿಡಿಸಿದ, ದೂಳು ಕಾಣದ ಹಾಗೆ ಕತ್ತರಿಸಿದ ಶೂಗಳ ಓಟ.

ಕೋಟೆಯ ಅಧಿಕಾರಿಯಾಗಿದ್ದ ಕಿಲ್ಲೇದಾರ ಬಹದ್ದೂರ್ ಖಾನನ ನಿಲುವಂಗಿಯ ವಿಷಯದಲ್ಲಿ ಸಣ್ಣ ಜಗಳವಾಯಿತು. ಆ ರಾತ್ರಿ ಹೋರಾಡುತ್ತಲೇ ಸತ್ತ ಆ ವೃದ್ಧನಿಗೆ ಮಾಸ್ಟರ್ ತಂದದ್ದು ಹಸಿರು ಮಖಮಲ್ಲು. ಮಖಮಲ್ಲು ಆಗ ಇರಲಿಲ್ಲವೆಂದಲ್ಲ, ರೇಷ್ಮೆಯ ಮಖಮಲ್ಲಿತ್ತು. ಪಾಲಿಯೆಸ್ಟರಿನದು ದೀಪದ ಕೆಳಗೆ ಒದ್ದೆಯಾದ ಹಾಗೆ ಹೊಳೆಯುತ್ತದೆ. ಅದನ್ನು ತಿರುಗಿಸಿ, ಒಳಮೈಯನ್ನು ಹೊರಗೆ ಮಾಡಿ ತೊಡಿಸಿದ್ದರಿಂದ ಇಬ್ಬರಿಗೂ ಸಮಾಧಾನವಾಯಿತು.

ರಾತ್ರಿಯಾಯಿತು. ದಾಳಿ ನಡೆದದ್ದು ಬೆಳದಿಂಗಳಲ್ಲಿ. ಆದ್ದರಿಂದ ಛಾಯಾಗ್ರಾಹಕರು ಕ್ರೇನಿನ ತುದಿಗೆ ದೊಡ್ಡ ದೀಪವೊಂದನ್ನು ಕಟ್ಟಿ, ಅದಕ್ಕೆ ತಿಳಿನೀಲಿಯ ಹಾಳೆ ಹೊದಿಸಿ ಚಂದ್ರನನ್ನು ಮಾಡಿದ್ದರು. ಕೆಂಪು ಕೋಟಿನವರು ಏಣಿಗಳನ್ನು ಹೊತ್ತು ಸಾಲಾಗಿ ಬಂದರು. ಮಾನಿಟರಿನಲ್ಲಿ ನಾನು ಕಂಡದ್ದು ಕಪ್ಪು ಕೋಟುಗಳನ್ನು. ಕೊಚಿನೀಲಿನ ಉರಿಗೆಂಪೂ ಇಟ್ಟಿಗೆಗೆಂಪೂ ಒಂದೇ ಮಸಿಯಾಗಿದ್ದವು. ಗೋಡೆಯ ಮೇಲಿನ ನೇರಳೆಯೂ ಅಷ್ಟೆ. ಬೆಳಕು ಕುಂದಿದಂತೆ ಮನುಷ್ಯನ ಕಣ್ಣಿಗೆ ಮೊದಲು ಮಂಕಾಗುವುದು ಕೆಂಪು ಎಂದು ತರಗತಿಯಲ್ಲಿ ಪ್ರತಿ ವರ್ಷ ಹೇಳುವವಳು ನಾನೇ. ಅದನ್ನು ಆ ರಾತ್ರಿಯ ಜೊತೆ ಸೇರಿಸಿ ಯೋಚಿಸಲು ನನಗೆ ಹೊಳೆದಿರಲಿಲ್ಲ.

ಕತ್ತಲಲ್ಲಿ ಕಾಣುತ್ತಿದ್ದದ್ದು ಒಂದೇ, ಎದೆಯ ಮೇಲೆ ಅಡ್ಡಡ್ಡ ಹಾದ ಬಿಳಿಯ ಪಟ್ಟಿಗಳು. ಅವು ಬಾಡಿಗೆಯ ರೆಕ್ಸಿನ್. ಯಾರೂ, ನಾನಂತೂ, ಅವುಗಳತ್ತ ಕಣ್ಣೆತ್ತಿ ನೋಡಿರಲಿಲ್ಲ. ನೀಲಿ ದೀಪಕ್ಕೆ ಅವು ಕಾರಿನ ಸೀಟಿನ ಹಾಗೆ ಮಿನುಗುತ್ತಿದ್ದವು. ಗೋಡೆಯ ಮೇಲಿದ್ದವರಿಗೂ ಆ ರಾತ್ರಿ ಹೀಗೆ ಬಿಳಿಯ ಅಡ್ಡಗೆರೆಗಳ ಗುಂಪೊಂದು ತಮ್ಮತ್ತ ಏರಿ ಬರುತ್ತಿರುವಂತೆ ಕಂಡಿತ್ತೇನೋ ಎಂದು ಅನ್ನಿಸಿದ್ದು ಆಗಲೇ.

"ಅವರು ಅದಕ್ಕೆ ಏನು ಬಳೀತಿದ್ರು ಮೇಡಂ?" ಎಂದು ಮಾಸ್ಟರ್ ಹಿಂದಿನಿಂದ ಕೇಳಿದರು. ತೊಗಲಿನ ಪಟ್ಟಿಗೆ ಬಿಳಿ ಜೇಡಿಮಣ್ಣನ್ನು ನೀರಲ್ಲಿ ಕಲಸಿ ಬಳಿದು ಒಣಗಿಸುತ್ತಿದ್ದರು ಎಂದೆ. ಅವರು ಕಲಾವಿಭಾಗದ ಹುಡುಗರಿಂದ ಉಪ್ಪುಕಾಗದ ತರಿಸಿ ರೆಕ್ಸಿನ್ನಿನ ಹೊಳಪನ್ನು ಉಜ್ಜಿಸಿ ತೆಗೆಸಿದರು. ಥರ್ಮಾಕೋಲಿನ ಗೋಡೆಗೆಂದು ತಂದಿದ್ದ ಬಿಳಿಮಣ್ಣಿಗೆ ಒಂದಿಷ್ಟು ಗೋಂದು ಬೆರೆಸಿ ಬಳಿಸಿದರು. ನಾವು ಐದಾರು ಜನ ನೆಲದ ಮೇಲೆ ಕೂತು ಅರವತ್ತು ಪಟ್ಟಿಗಳನ್ನು ಮುಗಿಸುವಾಗ ರಾತ್ರಿ ಒಂದೂವರೆ. ಮತ್ತೆ ಅವರು ಏಣಿ ಹೊತ್ತು ಬಂದಾಗ ಪಟ್ಟಿಗಳು ಮಿನುಗಲಿಲ್ಲ, ಬೆಳ್ಳಗೆ ಕಂಡವು ಅಷ್ಟೆ; ಪ್ರತಿ ಹೆಜ್ಜೆಗೂ ಅವುಗಳಿಂದ ಒಂದಿಷ್ಟು ಬಿಳಿ ದೂಳು ಎದ್ದು ಬೆಳಕಿನಲ್ಲಿ ತೇಲುತ್ತಿತ್ತು. ನಿರ್ದೇಶಕರು ಮಂಜು ಎಬ್ಬಿಸುವ ಯಂತ್ರವನ್ನು ಯಾರು ಹಚ್ಚಿದರು ಎಂದು ಕೇಳಿದರು.

ಎರಡು ತಿಂಗಳ ನಂತರ ಬಾಕಿ ಲೆಕ್ಕ ಚುಕ್ತಾ ಮಾಡಲು ಬಳೇಪೇಟೆಗೆ ಹೋದೆ. ನಿರ್ಮಾಪಕರು ಆ ಇಪ್ಪತ್ತನಾಲ್ಕು ಹುಲಿಪಟ್ಟೆಯ ಅಂಗಿಗಳನ್ನು ಬಾಡಿಗೆಯ ಬಾಬತ್ತಿಗೆ ಮಾಸ್ಟರ್‌ಗೇ ಬಿಟ್ಟುಕೊಟ್ಟಿದ್ದರು. ಅವು ಮೆಟ್ಟಿಲ ಬಳಿಯ ಗೂಟಕ್ಕೆ ನೇತಾಡುತ್ತಿದ್ದವು, ಯಾವುದೋ ಶಾಲೆಯ ವಾರ್ಷಿಕೋತ್ಸವಕ್ಕೆ ಹೊರಡಲು ಸಿದ್ಧವಾಗಿ. ಕೊರಳಿಗೂ ತೋಳಿಗೂ ಎರಡು ಬೆರಳಗಲದ ಚಿನ್ನದ ಜರಿ ಬಂದಿತ್ತು. ನನ್ನ ಮುಖ ನೋಡಿ ಮಾಸ್ಟರ್ ಸ್ವಲ್ಪ ಮುಜುಗರಪಟ್ಟರು.

"ಜರಿ ಇಲ್ಲದಿದ್ರೆ ಯಾರೂ ಮುಟ್ಟೋದಿಲ್ಲ ಮೇಡಂ" ಎಂದರು. ಆಮೇಲೆ ಒಂದು ಅಂಗಿಯನ್ನು ಇಳಿಸಿ, ತೋಳಿನ ಒಳಮೈ ತಿರುವಿ, ಹೊಲಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ಆದ್ರೆ ನೋಡಿ, ಮಿಷನ್ ಹಾಕಿಲ್ಲ. ಎಲ್ಲಾ ಕೈಹೊಲಿಗೆ."